ರಸ್ತೆಯನ್ನು ಕೇಳಿ ಪಡೆಯಿರಿ, ಸವಾರಿ ನಿಲ್ಲಿಸಬೇಡಿ

2009ರ ಮೇ 17ರ ಭಾನುವಾರ ಸ್ಕಾಟ್ಲೆಂಡಿನ ಪಿಟ್ಲಾಕ್ರಿ ಎಂಬ ಸಣ್ಣ ಪಟ್ಟಣದ ಸುತ್ತಲಿನ ರಸ್ತೆಗಳಲ್ಲಿ ಯಾರೋ ಸಣ್ಣ ಮೊಳೆಗಳನ್ನು ಚೆಲ್ಲಿ ಹೋಗಿದ್ದರು. ಅಂದು ಅಲ್ಲಿ ಎಟಾಪ್ ಕ್ಯಾಲೆಡೋನಿಯಾ ಎಂಬ ಸೈಕಲ್ ಸವಾರಿ ನಡೆದಿತ್ತು. ಸುಮಾರು 3,500 ಮಂದಿ 81 ಮೈಲಿ ತುಳಿಯುತ್ತಾ ಕ್ಯಾನ್ಸರ್ ರೋಗಿಗಳ ಆರೈಕೆಗೆ ಹಣ ಕೂಡಿಸಲು ಹೊರಟಿದ್ದರು. ನೂರಾರು ಜನರ ಚಕ್ರಗಳು ಪಂಕ್ಚರ್ ಆದವು, ಸವಾರಿಯನ್ನು ನಡುದಾರಿಯಲ್ಲೇ ತಡೆದು ರಸ್ತೆ ಗುಡಿಸಬೇಕಾಯಿತು. ಇಳಿಜಾರಿನಲ್ಲಿ ವೇಗವಾಗಿ ಬರುವ ಸೈಕಲ್ಲಿನ ಚಕ್ರಕ್ಕೆ ಮೊಳೆ ಹೊಕ್ಕರೆ ಪ್ರಾಣಕ್ಕೇ ಅಪಾಯ. ಹಾಗೆ ಮಾಡಿದವರನ್ನು ಯಾವ ಕಾರಣ ಕೊಟ್ಟೂ ಸಮರ್ಥಿಸಲಾಗದು. ಆದರೆ ಆ ಮೊಳೆಗಳ ಹಿಂದೆ ಒಂದು ದೂರು ಇತ್ತು, ಅದನ್ನು ನ್ಯಾಯವಾದ ದಾರಿಯಲ್ಲೇ ಹೇಳುತ್ತಿದ್ದ ಜನರೂ ಆ ಊರಿನಲ್ಲಿದ್ದರು. ನಮ್ಮ ಊರಿನ ರಸ್ತೆಯನ್ನು ಗಂಟೆಗಟ್ಟಲೆ ಮುಚ್ಚುವಾಗ ನಮ್ಮನ್ನು ಯಾರೂ ಕೇಳಲಿಲ್ಲ, ಅಂಗಡಿಗೆ, ಪ್ರಾರ್ಥನೆಗೆ, ಬಂಧುಗಳ ಮನೆಗೆ ಹೋಗಬೇಕಾದವರು ಮನೆಯಲ್ಲೇ ಕೂರಬೇಕಾಯಿತು ಎಂಬುದು ಅವರ ಮಾತು. ಸವಾರಿ ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷವೂ ನಡೆಯಿತು, ಮುಂದೆಯೂ ನಡೆದುಕೊಂಡು ಬಂತು. ದಾನಕ್ಕಾಗಿ ನಡೆಯುವ ಸೈಕಲ್ ಸವಾರಿಗಳ ಬಗ್ಗೆ ಎಲ್ಲೇ ಜಗಳ ಎದ್ದರೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು ಎಂಬುದು ನನ್ನ ವಾದ. ಉದ್ದೇಶ ಒಳ್ಳೆಯದು ಎಂಬ ಮಾತ್ರಕ್ಕೆ ಊರಿನ ರಸ್ತೆ ಯಾರ ಪಾಲೂ ಆಗುವುದಿಲ್ಲ. ಊರು ವಿರೋಧಿಸಿತು ಎಂಬ ಮಾತ್ರಕ್ಕೆ ಒಳ್ಳೆಯ ಕೆಲಸವನ್ನು ಕೈಬಿಡುವುದೂ ಸರಿಯಲ್ಲ. ರಸ್ತೆಬದಿಯ ಊರುಗಳನ್ನು ಕೇಳಿ, ಒಪ್ಪಿಸಿ, ಅವರನ್ನೂ ಜೊತೆಗೆ ಸೇರಿಸಿಕೊಂಡರೆ ಮಾತ್ರ ಇಂಥ ಸವಾರಿ ಉಳಿಯುತ್ತದೆ. ಅದು ಉಳಿಯಲೇಬೇಕಾದದ್ದು ಕೂಡ.

ದೂರದ ಸ್ಕಾಟ್ಲೆಂಡಿನ ಮಾತು ನಮ್ಮ ಚಳ್ಳಕೆರೆ ಸೀಮೆಗೆ ಯಾಕೆ ಎಂದು ಕೇಳಬಹುದು. ಕರ್ನಾಟಕದಲ್ಲಿ ದೂರದ ಸೈಕಲ್ ಸವಾರಿಗಳು ಈಗ ಹೊಸತೇನಲ್ಲ. 2008ರಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು ಆರಂಭಿಸಿದ ಟೂರ್ ಆಫ್ ನೀಲಗಿರೀಸ್ ಮೂರು ರಾಜ್ಯಗಳ ರಸ್ತೆಗಳಲ್ಲಿ ದಿನಗಟ್ಟಲೆ ಸಾಗುತ್ತಾ ದೇಣಿಗೆಯನ್ನೂ ಕೂಡಿಸುತ್ತಾ ಬಂದಿದೆ. 2013ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸೈಕಲ್ ದಿನ’ ಬಡಾವಣೆಗಳ ನಿವಾಸಿಗಳ ಕೈಗೆ ಹೋದ ಮೇಲೆಯೇ ಬೇರುಬಿಟ್ಟಿತು. ಮಲೆನಾಡಿನ ತಿರುವುಗಳಲ್ಲಿ ವಾಹನ ದಟ್ಟಣೆ ಹೆಚ್ಚಿದಷ್ಟೂ ಇಂಥ ಸವಾರರ ಕಣ್ಣು ಬಯಲುಸೀಮೆಯ ಮೇಲೆ ಬೀಳುವುದು ಸಹಜ. ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು ಸುತ್ತಿನಲ್ಲಿ ಬಯಲಿದೆ, ಬೆಟ್ಟವಿದೆ, ಮಳೆಯ ಕಾಟ ಕಡಿಮೆ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಒಂದಕ್ಕೊಂದು ಹತ್ತಿರದಲ್ಲಿವೆ. ಸೈಕಲ್ಲಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಇಲ್ಲಿಗೆ ಇಂಥ ಸವಾರಿ ಬಂದಾಗ ಊರು ಹೇಗೆ ಸ್ವೀಕರಿಸಬೇಕು, ಬರುವವರು ಹೇಗೆ ಬರಬೇಕು ಎಂಬುದನ್ನು ಜಗಳ ಹುಟ್ಟುವ ಮೊದಲೇ ಯೋಚಿಸುವುದು ಒಳ್ಳೆಯದು.

ರಸ್ತೆ ತಡೆಯುವುದೇ ಜನರಿಗೆ ಆಗದ ಸಂಗತಿ ಎನ್ನುವವರು ನಾಯಕನಹಟ್ಟಿಯ ಜಾತ್ರೆಯನ್ನು ನೋಡಬೇಕು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ದಿನ ಲಕ್ಷಾಂತರ ಜನ ಸೇರುತ್ತಾರೆ. ವಾಹನಗಳಿಗೆ ಬೇರೆ ದಾರಿ ತೋರಿಸಲಾಗುತ್ತದೆ, ಸುತ್ತಲಿನ ಹಳ್ಳಿಗಳ ದೈನಂದಿನ ಓಡಾಟ ಅಸ್ತವ್ಯಸ್ತವಾಗುತ್ತದೆ. ಒಣಕೊಬ್ಬರಿ ಸುಡುವ ಹೊಗೆ ಊರನ್ನೆಲ್ಲ ತುಂಬುತ್ತದೆ. ಇದನ್ನು ನಿಲ್ಲಿಸಿ ಎಂದು ಯಾರೂ ಕೇಳುವುದಿಲ್ಲ. ಕಾರಣ ಭಕ್ತಿ ಮಾತ್ರವಲ್ಲ. ಆ ದಿನ ಊರಿನ ಪ್ರತಿ ಮನೆಗೂ ಒಂದು ಪಾತ್ರವಿದೆ. ಒಬ್ಬರು ತೇರಿನ ಮಿಣಿ ಹಿಡಿಯುತ್ತಾರೆ, ಇನ್ನೊಬ್ಬರು ನೀರು ಪಾನಕ ಹಂಚುತ್ತಾರೆ, ಮತ್ತೊಬ್ಬರು ಮನೆಗೆ ಬಂದ ನೆಂಟರಿಗೆ ಊಟ ಹಾಕುತ್ತಾರೆ, ಅಂಗಡಿಯವರಿಗೆ ನಾಲ್ಕು ದಿನದ ವ್ಯಾಪಾರವಾಗುತ್ತದೆ. ಹಣದ ವಿಷಯವೂ ಬಯಲಲ್ಲೇ ಇರುತ್ತದೆ, ಮುಕ್ತಿ ಬಾವುಟದ ಹರಾಜನ್ನು ನೋಡಿ. ಲಕ್ಷಾಂತರ ರೂಪಾಯಿಯ ಆ ಕೂಗು ತೇರಿನ ಮುಂದೆಯೇ, ಸಾವಿರಾರು ಜನರ ಎದುರಿಗೇ ನಡೆಯುತ್ತದೆ. ಯಾರು ಕೊಂಡರು, ಎಷ್ಟಕ್ಕೆ ಕೊಂಡರು ಎಂಬುದು ಅದೇ ದಿನ ಇಡೀ ಸೀಮೆಗೆ ಗೊತ್ತಾಗುತ್ತದೆ. ಈ ಊರಿನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ತಿಪ್ಪೇರುದ್ರಸ್ವಾಮಿಯ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’. ಅವರು ಕೆರೆ ಕಟ್ಟಿಸಿದರು, ಮಣ್ಣು ಹೊತ್ತವರಿಗೆ ಹೊತ್ತಷ್ಟಕ್ಕೆ ಕೂಲಿ ಸಂದಿತು ಎಂಬುದು ಜನರ ನಂಬಿಕೆ. ಅಂದರೆ ಈ ಸೀಮೆಯಲ್ಲಿ ದಾನ ಮತ್ತು ದುಡಿಮೆ ಒಂದನ್ನೊಂದು ಬಿಟ್ಟು ನಿಂತಿಲ್ಲ. ಮೈಬಗ್ಗಿಸಿ ದುಡಿದು ಅದರ ಫಲವನ್ನು ಪರರಿಗೆ ಕೊಡುವುದು ಇಲ್ಲಿನವರಿಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ಬಿಸಿಲಲ್ಲಿ ನೂರು ಕಿಲೋಮೀಟರ್ ತುಳಿದು ಆಸ್ಪತ್ರೆಗೆ ಹಣ ಕೂಡಿಸುವ ಮನುಷ್ಯನನ್ನು ಅರ್ಥಮಾಡಿಕೊಳ್ಳಲು ನಾಯಕನಹಟ್ಟಿಯ ಭಕ್ತನಿಗೆ ಕಷ್ಟವಾಗುವುದಿಲ್ಲ. ಆದರೆ ಅದನ್ನು ಅವನಿಗೆ ಯಾರಾದರೂ ಬಂದು ಹೇಳಿರಬೇಕು.

ಜಾತ್ರೆ ಬೇರೆ, ಸೈಕಲ್ ಸವಾರಿ ಬೇರೆ ಎಂಬ ಆಕ್ಷೇಪ ಸರಿಯಾದದ್ದೇ. ತಲೆಮಾರುಗಳ ನಂಟನ್ನು ಒಂದು ಬ್ಯಾನರ್ ಕಟ್ಟಿ ಪಡೆಯಲಾಗದು. ಅಷ್ಟೇ ಅಲ್ಲ, ಹೊರಗಿನಿಂದ ಬಂದು ‘ಇದು ದೇಶಕ್ಕೆ ಒಳ್ಳೆಯದು’ ಎನ್ನುವವರನ್ನು ಅನುಮಾನದಿಂದ ನೋಡಲು ಚಳ್ಳಕೆರೆಯವರಿಗೆ ಗಟ್ಟಿ ಕಾರಣವೇ ಇದೆ. ಉಳ್ಳಾರ್ತಿ, ಕುದಾಪುರ, ವರವು ಸುತ್ತಲಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಕರುಗಳ ಮೇವಿನ ನೆಲ. ಸುತ್ತಲಿನ ಹತ್ತಾರು ಹಳ್ಳಿಗಳ ಕುರಿ, ದನ, ಉರುವಲು, ಕಂಬಳಿಯ ಉಣ್ಣೆ ಎಲ್ಲಕ್ಕೂ ಆ ಹುಲ್ಲುಗಾವಲೇ ಆಸರೆಯಾಗಿತ್ತು. ಅದರಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮುಂತಾದವುಗಳಿಗೆ ಹಂಚಿಕೆಯಾಯಿತು. ಜನ ಪ್ರತಿಭಟಿಸಿದರು, ವಿವಾದ ಹಸಿರು ನ್ಯಾಯಾಧಿಕರಣದ ಮುಂದೆ ಹೋಯಿತು. ಅದೇ ನೆಲದಲ್ಲಿ 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು, 2023ರ ಏಪ್ರಿಲ್‌ನಲ್ಲಿ ಇಸ್ರೊದ ಮರುಬಳಕೆಯ ಉಡಾವಣಾ ವಾಹನ ಸ್ವಯಂಚಾಲಿತವಾಗಿ ಇಳಿಯಿತು. ವಿಜ್ಞಾನದ ಆ ಸಾಧನೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಕುರಿ ಮೇಯುತ್ತಿದ್ದ ಕಡೆ ಗೋಡೆ ಎದ್ದಾಗ ‘ನಮ್ಮನ್ನು ಒಂದು ಮಾತು ಕೇಳಲಿಲ್ಲ’ ಎಂದು ಆ ಹಳ್ಳಿಗಳವರು ಆಡಿದ ನೋವಿನ ಮಾತು ಇವತ್ತಿಗೂ ಇಲ್ಲಿ ಆರಿಲ್ಲ. ಅರ್ಧ ದಿನದ ಸೈಕಲ್ ಸವಾರಿಯನ್ನು ಕಾವಲಿನ ಹಂಚಿಕೆಗೆ ಹೋಲಿಸುವುದು ಅತಿಯಾಯಿತು ಎನ್ನಿಸಬಹುದು. ತೊಂದರೆಯ ಗಾತ್ರದಲ್ಲಿ ಹೋಲಿಕೆ ಇಲ್ಲವೇ ಇಲ್ಲ. ಕೇಳದೆ ಮಾಡುವ ರೀತಿಯಲ್ಲಿ ಇದೆ. ಒಮ್ಮೆ ಹಾಗೆ ಆದ ಊರಿನಲ್ಲಿ ಎರಡನೆಯ ಸಲ ಬರುವವರು ಇನ್ನಷ್ಟು ಎಚ್ಚರದಿಂದ ಬರಬೇಕು, ಅದು ಬರುವವರ ಹೊಣೆ.

ಊರನ್ನು ಜೊತೆಗೆ ಸೇರಿಸಿಕೊಂಡ ಸವಾರಿಗೂ ಸೇರಿಸಿಕೊಳ್ಳದ ಸವಾರಿಗೂ ವ್ಯತ್ಯಾಸವೇನು ಎಂಬುದಕ್ಕೆ ಹೊರಗಿನ ಎರಡು ಉದಾಹರಣೆಗಳು ಸಾಕು. ಲಂಡನ್ ಒಲಿಂಪಿಕ್ಸ್ ಮುಗಿದ ಮರುವರ್ಷ, 2013ರಲ್ಲಿ, ರೈಡ್‌ಲಂಡನ್ ಎಂಬ ಬೃಹತ್ ಸವಾರಿ ಶುರುವಾಯಿತು. ನಗರದಿಂದ ಹೊರಟು ಪಕ್ಕದ ಸರ್ರೆ ಜಿಲ್ಲೆಯ ಹಳ್ಳಿರಸ್ತೆಗಳನ್ನು ಸುತ್ತಿ ಬರುವ ದಾರಿ ಅದರದು. ಸಾವಿರಾರು ಸವಾರರು, ದಿನವಿಡೀ ಮುಚ್ಚಿದ ರಸ್ತೆಗಳು, ಕೆಲವೇ ವರ್ಷಗಳಲ್ಲಿ ದಾನ ಸಂಸ್ಥೆಗಳಿಗೆ 7 ಕೋಟಿ ಪೌಂಡ್‌ಗೂ ಮೀರಿದ ಹಣ. ಆದರೂ ಪ್ರತಿ ವರ್ಷ ಸರ್ರೆಯ ನಿವಾಸಿಗಳ ಅಸಮಾಧಾನ ಬೆಳೆಯುತ್ತಲೇ ಹೋಯಿತು. ಕೊನೆಗೆ ಜಿಲ್ಲಾ ಆಡಳಿತ ಜನಾಭಿಪ್ರಾಯ ಕೇಳಿ, 2020ರಲ್ಲಿ, ಇನ್ನು ಮುಂದೆ ನಮ್ಮಲ್ಲಿ ಬೇಡ ಎಂದು ತೀರ್ಮಾನಿಸಿತು. ಸವಾರಿ 2022ರಲ್ಲಿ ಎಸೆಕ್ಸ್ ಕಡೆಗೆ ಹೋಯಿತು. ಅಷ್ಟು ದೊಡ್ಡ ಮೊತ್ತವೂ ಆ ದಾರಿಯನ್ನು ಉಳಿಸಿಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ಇನ್ನೊಂದು ಕಡೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ 36 ಮಂದಿ ಸೇರಿ ಒಂದು ಸವಾರಿ ಹೊರಟರು. ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಆ ಸಲ ಅವರು ಕೂಡಿಸಿದ್ದು 10,200 ಡಾಲರ್. ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಆ ಸವಾರಿ ಇಂದಿಗೂ ನಡೆಯುತ್ತಿದೆ, ಇದುವರೆಗೆ ಕೂಡಿಸಿದ ಹಣ ಒಟ್ಟು 100 ಕೋಟಿ ಡಾಲರ್ ದಾಟಿದೆ. ಸವಾರರು ಕೂಡಿಸಿದ ಪ್ರತಿ ಡಾಲರೂ ಪೂರ್ತಿಯಾಗಿ ಆಸ್ಪತ್ರೆಗೇ ಹೋಗುತ್ತದೆ, ನಡೆಸುವ ಖರ್ಚನ್ನು ಪ್ರಾಯೋಜಕರು ಮತ್ತು ಪ್ರವೇಶ ಶುಲ್ಕ ಭರಿಸುತ್ತವೆ. ಆ ಹಣ ಅದೇ ರಾಜ್ಯದ ಆಸ್ಪತ್ರೆಗೆ ಸಲ್ಲುವುದರಿಂದ ದಾರಿಬದಿಯ ಊರುಗಳಲ್ಲಿ ಆ ಆಸ್ಪತ್ರೆಯಿಂದ ಬದುಕಿ ಬಂದವರೋ ಅವರ ಮನೆಯವರೋ ಇರುತ್ತಾರೆ. ಅವರೇ ರಸ್ತೆಗೆ ಬಂದು ನಿಂತು ಸವಾರರಿಗೆ ನೀರು ಕೊಡುತ್ತಾರೆ. ನನಗೆ ಕಾಣುವಂತೆ ಎರಡರ ನಡುವಿನ ದೊಡ್ಡ ಅಂತರ ಇದು: ಒಂದು ಕಡೆ ತೊಂದರೆ ಇಲ್ಲಿ, ಪ್ರಯೋಜನ ಮತ್ತೆಲ್ಲೋ, ಇನ್ನೊಂದು ಕಡೆ ಎರಡೂ ಒಂದೇ ಊರಿನವು.

ರಸ್ತೆ ಮುಚ್ಚುವುದರಿಂದ ಆಗುವ ತೊಂದರೆ ಸಣ್ಣದಲ್ಲ. ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ಹೊತ್ತ ಗಾಡಿ ಬರಬೇಕು, ಕುರಿಹಿಂಡು ರಸ್ತೆ ದಾಟಬೇಕು, ಹೆರಿಗೆ ನೋವಿನ ಹೆಣ್ಣುಮಗಳನ್ನು ಚಿತ್ರದುರ್ಗಕ್ಕೋ ಬಳ್ಳಾರಿಗೋ ಕರೆದೊಯ್ಯಬೇಕು. ಒಂದು ಬಸ್ ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕಾದ ಹಳ್ಳಿಗಳು ಇಲ್ಲಿ ಬಹಳ. ಇದಕ್ಕೆ ಉತ್ತರ ಸವಾರಿಯನ್ನು ರದ್ದುಮಾಡುವುದಲ್ಲ, ರಸ್ತೆಯನ್ನು ಪೂರ್ತಿ ಮುಚ್ಚದಿರುವುದು. ದಾನದ ಸವಾರಿ ಪಂದ್ಯವಲ್ಲ. ಯಾರು ಮೊದಲು ಮುಟ್ಟಿದರು ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಹಾಗಿದ್ದ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ, ರಸ್ತೆಯ ಎಡಬದಿ ಹಿಡಿದು, ಬೆಳಗಿನ ಜಾವ ಹೊರಟು ಬಿಸಿಲೇರುವ ಮೊದಲು ಮುಗಿಸಬಹುದು. ಬಳ್ಳಾರಿ, ಚಳ್ಳಕೆರೆ, ಹಿರಿಯೂರನ್ನು ಜೋಡಿಸುವ 150ಎ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸೈಕಲ್ ತುಳಿಯುವುದನ್ನು ಯಾರೂ ಶಿಫಾರಸು ಮಾಡಲಾರರು. ಒಳರಸ್ತೆಗಳು ಇವೆಯಲ್ಲ. ಎಲ್ಲೋ ಒಂದೆರಡು ಕಡೆ ಸ್ವಲ್ಪ ಹೊತ್ತು ವಾಹನ ತಡೆಯಲೇಬೇಕಾದರೆ 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಅದಕ್ಕೆ ದಾರಿ ಕೊಡುತ್ತದೆ. ಒಂದು ತಿಂಗಳು ಮೀರದ ನಿರ್ಬಂಧವಾದರೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ, ಆದರೆ ಸ್ಥಳೀಯವಾಗಿ ತಕ್ಕ ಪ್ರಚಾರ ಕೊಡಲೇಬೇಕು ಎಂದು ಅದೇ ಕಲಂ ಹೇಳುತ್ತದೆ. ಅಂದರೆ ಊರಿಗೆ ಮುಂಚಿತವಾಗಿ ತಿಳಿಸುವುದು ಸಂಘಟಕರ ಔದಾರ್ಯವಲ್ಲ, ಕಾನೂನಿನ ಆಶಯವೇ ಅದು. ಪೊಲೀಸ್ ಠಾಣೆಯಲ್ಲಿ ಒಂದು ಪತ್ರ ಕೊಟ್ಟು ಮೊಹರು ಹಾಕಿಸಿಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳುವುದೇ ತಪ್ಪು. ಒಂದೇ ರಸ್ತೆಯನ್ನು ಹೊತ್ತಿಗೆ ತಕ್ಕಂತೆ ಬೇರೆ ಬೇರೆಯವರಿಗೆ ಬಿಟ್ಟುಕೊಡುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಕಾಡುಪ್ರಾಣಿಗಳಿಗಾಗಿ. ಅದರ ವಿರುದ್ಧ ಎಷ್ಟೇ ಒತ್ತಡ ಬಂದರೂ ಅದು ಉಳಿದಿದೆ. ಅದರ ಹೊತ್ತು ನಿಗದಿಯಾಗಿದೆ, ಕಾರಣ ಎಲ್ಲರಿಗೂ ಗೊತ್ತಿದೆ, ಆಂಬುಲೆನ್ಸಿಗೆ ವಿನಾಯಿತಿ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ಲಕ್ಷ ರೂಪಾಯಿಯ ಸೈಕಲ್ಲು, ಮೈಗಂಟಿದ ಬಟ್ಟೆ, ಕೈಯಲ್ಲಿ ಫೋಟೊ ತೆಗೆಯುವ ಫೋನು. ಇದು ಪಟ್ಟಣದ ಉಳ್ಳವರ ಭಾನುವಾರದ ಮೋಜು, ದಾನ ಎಂಬುದು ಅದಕ್ಕೆ ಹೊದಿಸಿದ ಬಟ್ಟೆ ಎಂಬ ಮಾತು. ಕೊಡಬೇಕೆಂದಿದ್ದರೆ ಮನೆಯಲ್ಲೇ ಕೂತು ಚೆಕ್ ಬರೆಯಲಿ, ರಸ್ತೆಗೇಕೆ ಬರಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಚೆಕ್ ಬರೆಯುವವನು ಒಬ್ಬನೇ ಕೊಡುತ್ತಾನೆ, ಸವಾರಿ ಹೊರಟವನು ತನ್ನ ಕಚೇರಿಯ ಇಪ್ಪತ್ತು ಜನರನ್ನು, ನೆರೆಮನೆಯವರನ್ನು, ನೆಂಟರನ್ನು ಕೇಳುತ್ತಾನೆ. ಕೇಳುವುದಕ್ಕೆ ಅವನಿಗೊಂದು ನೈತಿಕ ಬಲ ಬೇಕು, ಅದನ್ನು ಅವನ ಶ್ರಮ ಕೊಡುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ 36 ಜನರಿಂದ ಆರಂಭವಾದದ್ದು ಇಷ್ಟು ಬೆಳೆದದ್ದು ಹೀಗೆ ಕೇಳುವವರ ಸಂಖ್ಯೆ ಬೆಳೆದದ್ದರಿಂದ. ಎರಡನೆಯದು, ಚೆಕ್ಕಿಗೆ ಊರು ಕಾಣುವುದಿಲ್ಲ. ನಾಯಕನಹಟ್ಟಿಯಿಂದ ಮೊಳಕಾಲ್ಮೂರಿನವರೆಗೆ ಸೈಕಲ್ಲಿನಲ್ಲಿ ಹೋದವನಿಗೆ ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕ ಕಾಣುತ್ತದೆ, ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳು ಕಾಣುತ್ತಾರೆ, ರೇಷ್ಮೆ ಸೀರೆಯ ಮಗ್ಗದ ಸದ್ದು ಯಾವ ಬೀದಿಯಲ್ಲಿ ನಿಂತಿದೆ ಎಂಬುದೂ ತಿಳಿಯುತ್ತದೆ. ಕಾರಿನಲ್ಲಿ ಹೋಗುವವನಿಗೆ ಇವು ಯಾವುವೂ ಕಾಣುವುದಿಲ್ಲ. ಇಷ್ಟು ಹೇಳಿದ ಮೇಲೂ ಆಕ್ಷೇಪದ ಒಂದು ಭಾಗ ಉಳಿದೇ ಉಳಿಯುತ್ತದೆ: ಸವಾರರೆಲ್ಲರೂ ಹೊರಗಿನವರೇ ಆದರೆ ಊರು ಬರೀ ನೋಡುವ ಜನವಾಗುತ್ತದೆ. ಅದು ಸಲ್ಲದು.

ಇದಕ್ಕೆ ಪರಿಹಾರ ಏನು ಎಂಬುದನ್ನು ಮೂರು ದಶಕಗಳ ಹಿಂದೆಯೇ ನಮ್ಮ ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆ ತೋರಿಸಿಕೊಟ್ಟಿದೆ. 1991ರಲ್ಲಿ ಅಲ್ಲಿ ಆರಂಭವಾದ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅದಕ್ಕೆ ಬೆಂಬಲವಾಗಿ ನಿಂತರು. ಕೂಲಿ ಹೆಣ್ಣುಮಕ್ಕಳು, ಕಲ್ಲುಕ್ವಾರಿಯ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು ಸೈಕಲ್ ಹತ್ತಿದರು. ಹೆಂಗಸರ ಸೈಕಲ್ ಸಿಗದಿದ್ದಾಗ ಗಂಡಸರ ಸೈಕಲ್ಲನ್ನೇ ತುಳಿದರು. ವಿರೋಧ ಕಡಿಮೆ ಇರಲಿಲ್ಲ. ರಸ್ತೆಯಲ್ಲಿ ಹೀಯಾಳಿಸಿದರು, ಹೊಲಸು ಮಾತಾಡಿದರು, ನಡತೆಯ ಮೇಲೆ ಮಾತು ತಂದರು. ಆದರೂ ಸಾರ್ವಜನಿಕ ಸೈಕಲ್ ಪ್ರದರ್ಶನಗಳಲ್ಲಿ ಹತ್ತಾರು ಸಾವಿರ ಹೆಂಗಸರು ಪಾಲ್ಗೊಂಡರು. ಆ ವಿರೋಧವನ್ನು ಗೆದ್ದದ್ದು ಭಾಷಣವಲ್ಲ. ಸೈಕಲ್ ತುಳಿಯುತ್ತಿದ್ದವಳು ಅದೇ ಊರಿನ ಯಾರದೋ ಹೆಂಡತಿ, ಯಾರದೋ ಅಕ್ಕ, ಯಾರದೋ ಮಗಳು. ಬೈಯುವವನ ಮನೆಯಲ್ಲೇ ಒಬ್ಬಳು ಸೈಕಲ್ ಕಲಿತ ಮೇಲೆ ಬೈಗುಳ ಎಷ್ಟು ದಿನ ನಡೆದೀತು? ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿಯೂ ಇಂಥ ನೆಲೆ ಸಿದ್ಧವಾಗಿಯೇ ಇದೆ. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ವರ್ಷಗಟ್ಟಲೆ ಉಚಿತ ಸೈಕಲ್ ಹಂಚಿತು. ಪಕ್ಕದೂರಿನ ಹೈಸ್ಕೂಲಿಗೆ ಹೋಗಲು ಎಷ್ಟೋ ಹೆಣ್ಣುಮಕ್ಕಳಿಗೆ ಆ ಸೈಕಲ್ಲೇ ನೆರವಾಯಿತು. ಆ ಹಂಚಿಕೆ ಕೊರೊನಾ ಕಾಲದಲ್ಲಿ ನಿಂತದ್ದು ನಷ್ಟವೇ. ಆ ಮಕ್ಕಳ ಮನೆಗಳಲ್ಲಿ ಇರುವ ಸೈಕಲ್ಲಿಗೂ ದಾನದ ಸವಾರಿಯಲ್ಲಿ ಜಾಗ ಇರಬೇಕು. ಬೆಂಗಳೂರಿನಿಂದ ಬಂದವರು ನೂರು ಕಿಲೋಮೀಟರ್ ತುಳಿಯಲಿ, ಹೈಸ್ಕೂಲಿನ ಮಕ್ಕಳು ತಮ್ಮ ಊರಿನಿಂದ ಪಕ್ಕದ ಊರಿನವರೆಗೆ ಐದು ಕಿಲೋಮೀಟರ್ ಜೊತೆಗೆ ತುಳಿಯಲಿ. ಚಕ್ರ ರಿಪೇರಿಗೆ ಊರಿನ ಪಂಕ್ಚರ್ ಅಂಗಡಿಯವನನ್ನೇ ಕರೆಯಲಿ, ತಿಂಡಿಯನ್ನು ಊರಿನ ಸ್ತ್ರೀಶಕ್ತಿ ಸಂಘದವರಿಂದ ಮಾಡಿಸಿ ಹಣ ಕೊಡಲಿ. ಇದು ಕಷ್ಟದ ಕೆಲಸವೇನಲ್ಲ. ಇಷ್ಟು ಮಾಡಿದ ಊರಿನಲ್ಲಿ ಮೊಳೆ ಚೆಲ್ಲುವ ಕೈ ಏಳುವುದು ಬಹಳ ಕಷ್ಟ.

ಸಂಘಟಕರ ಕಡೆಯಿಂದ ಬರುವ ಆಕ್ಷೇಪವನ್ನೂ ಎದುರಿಸಬೇಕು. ಹೀಗೆ ಎಲ್ಲರನ್ನೂ ಕೇಳುತ್ತಾ ಹೋದರೆ ಒಬ್ಬನಲ್ಲ ಒಬ್ಬ ಬೇಡ ಎನ್ನುತ್ತಾನೆ, ಆಗ ಏನೂ ನಡೆಯುವುದೇ ಇಲ್ಲ. ಸದ್ದು ಮಾಡುವ ನಾಲ್ಕು ಜನರ ಕೈಗೆ ಊರಿನ ಒಳಿತನ್ನು ಕೊಟ್ಟಂತಾಗುತ್ತದೆ ಎಂಬುದು ಅವರ ಆತಂಕ. ಇದು ಸುಳ್ಳು ಭಯವಲ್ಲ. ಹಳ್ಳಿಯಲ್ಲಿ ಗುಂಪುಗಾರಿಕೆ ಇದೆ, ಯಾರು ಮೊದಲು ಆಹ್ವಾನಿಸಿದರು ಎಂಬುದರ ಮೇಲೆಯೇ ಮತ್ತೊಂದು ಗುಂಪು ವಿರೋಧಿಸುವುದೂ ಇದೆ. ಆದರೆ ಕೇಳುವುದು ಬೇರೆ, ಪ್ರತಿಯೊಬ್ಬನಿಗೂ ತಡೆಯುವ ಅಧಿಕಾರ ಕೊಡುವುದು ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆ ನಮಗೆ ಗ್ರಾಮ ಸಭೆ ಎಂಬ ಜಾಗವನ್ನು ಕೊಟ್ಟಿದೆ. ಅಲ್ಲಿ ದಾರಿ, ಹೊತ್ತು, ಹಣ ಎಲ್ಲಿಗೆ ಎಂಬ ಮೂರನ್ನೂ ಮುಂದಿಟ್ಟು ಮಾತಾಡಲಿ. ಸಂತೆಯ ದಿನ ಬೇಡ ಎಂದರೆ ದಿನ ಬದಲಿಸಲಿ, ಬೀದಿ ಇಕ್ಕಟ್ಟು ಎಂದರೆ ಊರ ಹೊರಗಿನ ರಸ್ತೆ ಹಿಡಿಯಲಿ. ಇಷ್ಟೆಲ್ಲ ಆದ ಮೇಲೂ ‘ನನಗೆ ಇಷ್ಟವಿಲ್ಲ’ ಎಂಬುದಷ್ಟೇ ಉಳಿದರೆ ಸವಾರಿ ನಡೆಯಬೇಕು. ಆಗ ಆಡಳಿತವೂ ಹಿಂಜರಿಯದೆ ರಕ್ಷಣೆ ಕೊಡಬೇಕು. ಕೇಳಿದ ಮೇಲೆ ಧೈರ್ಯವಾಗಿ ನಡೆಸುವುದಕ್ಕೂ ಕೇಳದೆ ಪೊಲೀಸ್ ಬಲದಲ್ಲಿ ನಡೆಸುವುದಕ್ಕೂ ಜನ ಬಹಳ ಬೇಗ ವ್ಯತ್ಯಾಸ ಗುರುತಿಸುತ್ತಾರೆ. ಮೊದಲ ವರ್ಷ ಸ್ವಲ್ಪ ಅಸಮಾಧಾನ ಉಳಿದರೂ ಪರವಾಗಿಲ್ಲ. ಎರಡನೆಯ ವರ್ಷ ಬರುವಾಗ ಹಿಂದಿನ ವರ್ಷದ ಹಣ ಏನಾಯಿತು ಎಂದು ತೋರಿಸುವಂತಿದ್ದರೆ ಆ ಅಸಮಾಧಾನ ಅರ್ಧಕ್ಕಿಳಿಯುತ್ತದೆ.

ಇಡೀ ಪ್ರಶ್ನೆ ಹೆಚ್ಚಾಗಿ ನಿಂತಿರುವುದು ಈ ಹಣದ ಮೇಲೆಯೇ ಎಂದು ನಾನು ನಂಬುತ್ತೇನೆ. ಚಳ್ಳಕೆರೆಯ ರಸ್ತೆಯಲ್ಲಿ ತುಳಿದು ಕೂಡಿಸಿದ್ದು ಪೂರ್ತಿಯಾಗಿ ಬೆಂಗಳೂರಿನ ಯಾವುದೋ ಸಂಸ್ಥೆಗೆ ಹೋದರೆ ಇಲ್ಲಿನವರು ಕೇಳುವ ಪ್ರಶ್ನೆಗೆ ಉತ್ತರವಿಲ್ಲ. ಇಲ್ಲಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೆ ಹೋಗುವ ಕುಟುಂಬ ಬಸ್ ಚಾರ್ಜಿಗೆ, ಅಲ್ಲಿ ಉಳಿಯುವುದಕ್ಕೆ, ಕೂಲಿ ಕಳೆದುಕೊಂಡ ದಿನಗಳಿಗೆ ಸಾಲ ಮಾಡುತ್ತದೆ. ಅದಕ್ಕೆ ನೆರವಾಗುವ ಒಂದು ನಿಧಿ ಈ ಎರಡು ತಾಲ್ಲೂಕಿನ ಹೆಸರಿನಲ್ಲೇ ಇದ್ದರೆ ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಣ ಸಲ್ಲಬೇಕಾದ ಇನ್ನೊಂದು ಕಡೆಯೂ ಇಲ್ಲೇ ಇದೆ. ಈ ಸೀಮೆಯ ಮ್ಯಾಸಬೇಡ ಸಮುದಾಯದವರು ತಮ್ಮ ಕುಲದ ನೆಲೆಗಳಾದ ಕಟ್ಟೆಮನೆಗಳ ದೇವರ ಎತ್ತುಗಳನ್ನು ಕಿಲಾರಿ ಎಂಬ ಗೋಪಾಲಕರ ಕೈಯಲ್ಲಿ ಸಾಕಿಕೊಂಡು ಬಂದಿದ್ದಾರೆ. ಆ ಎತ್ತುಗಳನ್ನು ಮಾರುವಂತಿಲ್ಲ, ಬೇಸಾಯಕ್ಕೆ ಹೂಡುವಂತಿಲ್ಲ. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿ ಸದಾ ಇರುವ ಈ ಸೀಮೆಯಲ್ಲಿ ಬರ ಬಂದಾಗ, ಕಾವಲೂ ಕಡಿಮೆಯಾದ ಮೇಲೆ, ಅವುಗಳ ಮೇವಿಗೆ ದಾನಿಗಳ ಮುಂದೆ ಕೈಚಾಚಬೇಕಾಗಿದೆ. ಸವಾರಿಯ ಹಣದಲ್ಲಿ ಒಂದು ಪಾಲು ಆ ಮೇವಿಗೆ ಹೋಗಲಿ. ನೂರಾರು ವರ್ಷದ ನಂಬಿಕೆಯೊಂದಕ್ಕೆ ಹೊರಗಿನವರು ಗೌರವ ಕೊಟ್ಟರೆ ಅದು ಸಣ್ಣ ಸಂಗತಿಯಲ್ಲ. ಸವಾರಿಗೆ ಹಣ ಕೊಡುವ ಕಂಪನಿಗಳಿಗೂ ಒಂದು ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಖರ್ಚು ಮಾಡುವಾಗ ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ, ಆಡಳಿತದ ಖರ್ಚು ಶೇ 5ನ್ನು ಮೀರಬಾರದು ಎಂದು ಅದರ ನಿಯಮಗಳು ಹೇಳುತ್ತವೆ. ಟೀ ಶರ್ಟು, ವೇದಿಕೆ, ಧ್ವನಿವರ್ಧಕ, ಪದಕಗಳಿಗೇ ಬಹುಪಾಲು ಖರ್ಚಾಗಿ ಉಳಿದದ್ದನ್ನು ದಾನ ಎಂದು ಕರೆಯುವ ಸವಾರಿಯನ್ನು ಊರು ವಿರೋಧಿಸಿದರೆ ನಾನು ಊರಿನ ಪರ.

ಈ ಸೀಮೆಯಲ್ಲಿ ದಾನದ ಸವಾರಿ ಹೊರಡಿಸಬೇಕೆಂದಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ದಿನಾಂಕ ಗೊತ್ತುಮಾಡುವ ಮೊದಲು ದಾರಿಯ ಪ್ರತಿ ಪಂಚಾಯ್ತಿಗೆ ಹೋಗಿ. ಯಾವ ಹೊತ್ತಿಗೆ ಯಾವ ಊರು ದಾಟುತ್ತೀರಿ, ಆಂಬುಲೆನ್ಸಿಗೆ ದಾರಿ ಹೇಗೆ ಬಿಡುತ್ತೀರಿ ಎಂಬುದನ್ನು ಕನ್ನಡದಲ್ಲಿ ಬರೆದು ಒಂದು ತಿಂಗಳು ಮುಂಚೆ ಪಂಚಾಯ್ತಿ ಕಚೇರಿ, ಬಸ್ ನಿಲ್ದಾಣ, ಹಾಲಿನ ಡೇರಿಯ ಗೋಡೆಗೆ ಅಂಟಿಸಿ. ಸವಾರಿ ಮುಗಿದ ತಿಂಗಳೊಳಗೆ ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂಬ ಲೆಕ್ಕವನ್ನು ಅದೇ ಗೋಡೆಗಳ ಮೇಲೆ ಅಂಟಿಸಿ. ಪಂಚಾಯ್ತಿ ಸದಸ್ಯರಲ್ಲೂ ಊರಿನ ಹಿರಿಯರಲ್ಲೂ ಒಂದು ಕೋರಿಕೆ ಇದೆ. ಸಂಘಟಕರು ಹೀಗೆ ಕೇಳಿಕೊಂಡು ಬಾಗಿಲಿಗೆ ಬಂದಾಗ ಅನುಮಾನದ ಪ್ರಶ್ನೆಗಳನ್ನೆಲ್ಲ ಕೇಳಿ, ಬೇಕಾದ ಷರತ್ತುಗಳನ್ನೆಲ್ಲ ಹಾಕಿ. ಆಮೇಲೆ ಅರ್ಧ ದಿನ ನಿಮ್ಮ ರಸ್ತೆಯನ್ನು ಅವರಿಗೆ ಬಿಟ್ಟುಕೊಡಿ, ನಿಮ್ಮ ಮಕ್ಕಳನ್ನೂ ಸೈಕಲ್ ಕೊಟ್ಟು ಅವರ ಜೊತೆಗೆ ಕಳಿಸಿ.